ಲಿವರ್‌ನಲ್ಲಿ ನೀರುಗುಳ್ಳೆ: ಸೂಜಿ ಹಾಕಿಸುವ ಮುಂಚೆ

ಸ್ಕ್ಯಾನಿಂಗ್ ರೂಮಿನಿಂದ: ಓದುಗರ ಪ್ರಶ್ನೆಗಳಿಗೆ ರೇಡಿಯಾಲಜಿ ವೈದ್ಯೆಯ ಉತ್ತರ

ಪ್ರಶ್ನೆ: ಮೇಡಂ, ನನಗೆ 47 ವರ್ಷ, ಪ್ರೈಮರಿ ಶಾಲೆ ಟೀಚರ್. ಆರೇಳು ತಿಂಗಳಿಂದ ಸ್ವಲ್ಪ ಉಂಡರೂ ಹೊಟ್ಟೆ ಬಿಗಿಯುತ್ತದೆ. ಎದೆಗೂಡಿನ ಕೆಳಗೆ ಭಾರ. ಗ್ಯಾಸ್ಟ್ರಿಕ್ ಅಂದುಕೊಂಡು ಮಾತ್ರೆ ನುಂಗಿದ್ದಾಯಿತು. ಈಗ ಸ್ಕ್ಯಾನಿಂಗ್‌ನಲ್ಲಿ ಲಿವರ್‌ನ ಎಡಭಾಗದಲ್ಲಿ 9 ಸೆಂ.ಮೀ. ಸಿಸ್ಟ್ ಇದೆ, ಒಳಗೆ ಸೆಪ್ಟೇಷನ್ ಇದೆ ಅಂತ ಬಂದಿದೆ. 'ಬಿಲಿಯರಿ ಸಿಸ್ಟಡಿನೋಮಾ?' ಎಂದು ಪ್ರಶ್ನೆ ಗುರುತು ಹಾಕಿ ಬರೆದಿದ್ದಾರೆ. 2018ರಲ್ಲಿ ಪಿತ್ತಕೋಶದ ಕಲ್ಲಿಗಾಗಿ ಸ್ಕ್ಯಾನ್ ಮಾಡಿಸಿದಾಗ ಅದೇ ಜಾಗದಲ್ಲಿ 4 ಸೆಂ.ಮೀ. 'ಸಿಂಪಲ್ ಸಿಸ್ಟ್' ಅಂತಿತ್ತು. ಸಿಎ 19-9 ರಕ್ತಪರೀಕ್ಷೆ 88 ಬಂದಿದೆ. ಒಬ್ಬ ಡಾಕ್ಟರು ಸೂಜಿ ಹಾಕಿ ನೀರು ತೆಗೆದು ಟೆಸ್ಟಿಗೆ ಕಳಿಸೋಣ ಅನ್ನುತ್ತಾರೆ. ನಮ್ಮ ಭಾವನವರು ಮೊಬೈಲ್ ನೋಡಿ ಕ್ಯಾನ್ಸರ್ ಅಂತಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ನಿದ್ದೆ ಇಲ್ಲ.
(ಹೆಸರು ಬೇಡ, ತಿಪಟೂರು)

ಉತ್ತರ: ಟೀಚರಮ್ಮ, ಮೊದಲು ಭಾವನವರ ತೀರ್ಮಾನವನ್ನು ಪಕ್ಕಕ್ಕಿಡಿ. ಆಮೇಲೆ ಆ ಸೂಜಿಯನ್ನೂ ಸ್ವಲ್ಪ ದಿನ ಪಕ್ಕಕ್ಕಿಡಿ. ರಿಪೋರ್ಟಿನಲ್ಲಿ ಪ್ರಶ್ನೆ ಗುರುತು ಹಾಕಿದ ರೇಡಿಯಾಲಜಿಸ್ಟ್ ಒಳ್ಳೆ ಕೆಲಸವನ್ನೇ ಮಾಡಿದ್ದಾರೆ. ಹೊಟ್ಟೆ ಸ್ಕ್ಯಾನಿಂಗ್ ಒಂದರಿಂದಲೇ ಇದನ್ನು ಖಚಿತವಾಗಿ ಹೇಳಲು ಆಗುವುದಿಲ್ಲ. 'ಅನುಮಾನ ಇದೆ, ಮುಂದೆ ನೋಡಿ' ಎಂದು ಹೇಳಲು ಮಾತ್ರ ಆಗುತ್ತದೆ.

ಲಿವರ್‌ನಲ್ಲಿ ಕಾಣುವ ನೀರುಗುಳ್ಳೆಗಳಲ್ಲಿ ಬಹುಪಾಲು ಸಿಂಪಲ್ ಸಿಸ್ಟ್. ತೆಳು ಗೋಡೆ, ಒಳಗೆ ತಿಳಿನೀರು, ಅಷ್ಟೇ. ಸಿಸ್ಟಡಿನೋಮಾ ಅಪರೂಪ, ನೂರರಲ್ಲಿ ಐದೂ ಇಲ್ಲ. ಇದು ಪಿತ್ತನಾಳದ ಒಳಪದರದಂಥ ಜೀವಕೋಶಗಳಿಂದ ಬೆಳೆಯುವ ಗೆಡ್ಡೆ. ಒಳಗೆ ಲೋಳೆಯಂಥ ದ್ರವ ತುಂಬಿಕೊಳ್ಳುತ್ತದೆ. 2010ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದಕ್ಕೆ 'ಮ್ಯೂಸಿನಸ್ ಸಿಸ್ಟಿಕ್ ನಿಯೋಪ್ಲಾಸಂ' ಎಂಬ ಹೆಸರು ಕೊಟ್ಟಿತು. ಹಾಗಾಗಿ ಒಂದು ಆಸ್ಪತ್ರೆ ಹಳೆ ಹೆಸರು, ಇನ್ನೊಂದು ಹೊಸ ಹೆಸರು ಬರೆದರೆ ಎರಡು ಕಾಯಿಲೆ ಅಂತ ಗಾಬರಿ ಬೇಡ. ಹೆಚ್ಚಿನವು ಸಾಧು ಗೆಡ್ಡೆಗಳು. ಆದರೆ ಬಿಟ್ಟರೆ ಕೆಲವು ವರ್ಷಗಳ ಮೇಲೆ ಕ್ಯಾನ್ಸರ್‌ಗೆ ತಿರುಗಬಹುದು, ಅದಕ್ಕೇ ಇದರ ಬಗ್ಗೆ ಇಷ್ಟು ಎಚ್ಚರ. ಬರುವುದು ಹೆಚ್ಚೂಕಡಿಮೆ ಹೆಂಗಸರಿಗೇ, ಅದೂ ನಲವತ್ತು ಐವತ್ತರ ಆಸುಪಾಸಿನಲ್ಲಿ, ಲಿವರ್‌ನ ಎಡಭಾಗದಲ್ಲಿ ಜಾಸ್ತಿ. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಅದರ ಗೋಡೆಯಲ್ಲಿ ಅಂಡಾಶಯದ ಅಂಗಾಂಶವನ್ನೇ ಹೋಲುವ ಪದರ ಇರುತ್ತದೆ. ನಿಮ್ಮ ವಯಸ್ಸು, ಸಿಸ್ಟ್ ಇರುವ ಜಾಗ ಎರಡೂ ಈ ಲೆಕ್ಕಕ್ಕೆ ಕೂಡುತ್ತವೆ, ಸುಳ್ಳು ಹೇಳುವುದಿಲ್ಲ. ಆದರೆ ನಿಮ್ಮದೇ ವಯಸ್ಸಿನ ಎಷ್ಟೋ ಹೆಂಗಸರಿಗೆ ಅದೇ ಜಾಗದಲ್ಲಿ ಸಿಂಪಲ್ ಸಿಸ್ಟೂ ಇರುತ್ತದೆ.

ಎಲ್ಲರೂ ಕೇಳುವುದು ಸೈಜ್. ನನಗೆ ಸೈಜ್‌ಗಿಂತ ಒಳಗೆ ಏನಿದೆ ಅನ್ನುವುದು ಮುಖ್ಯ. 4 ಇದ್ದದ್ದು 9 ಆಗಿದೆ ಎಂಬುದೊಂದರಿಂದ ಏನೂ ಸಾಬೀತಾಗುವುದಿಲ್ಲ, ಸಿಂಪಲ್ ಸಿಸ್ಟ್ ಕೂಡ ಹೀಗೆ ಬೆಳೆಯಬಲ್ಲದು. ನಾವು ನೋಡುವುದು ಗೋಡೆಯನ್ನು, ಒಳಗಿನ ಪಾರ್ಟಿಷನ್‌ಗಳನ್ನು (ರಿಪೋರ್ಟಿನಲ್ಲಿ 'ಸೆಪ್ಟೇಷನ್' ಎಂದಿರುವುದು ಇದೇ), ಅವಕ್ಕೆ ಅಂಟಿಕೊಂಡ ಗಂಟುಗಳನ್ನು. ಪಾರ್ಟಿಷನ್ ಎಂದರೆ ಎಲ್ಲವೂ ಒಂದೇ ಅಲ್ಲ. ಎರಡು ಸೋಪಿನ ಗುಳ್ಳೆ ಅಂಟಿಕೊಂಡರೆ ನಡುವೆ ಒಂದು ಗೋಡೆ ಕಾಣುತ್ತದೆ, ಹೊರಗಡೆ ಆ ಜಾಗದಲ್ಲಿ ಚಿವುಟಿದ ಹಾಗೆ ಒಂದು ತಗ್ಗು ಇರುತ್ತದೆ ಅಲ್ವಾ? ಎರಡು ಸಿಂಪಲ್ ಸಿಸ್ಟ್ ಪಕ್ಕಪಕ್ಕ ಇದ್ದರೂ ಹಾಗೆಯೇ. ಹೊರಗಿನ ಗೆರೆ ನುಣ್ಣಗೆ, ಎಲ್ಲೂ ತಗ್ಗಿಲ್ಲದೆ ಇದ್ದು, ಒಳಗೋಡೆಯಿಂದ ಪಾರ್ಟಿಷನ್ ಎದ್ದಿದ್ದರೆ ನಮಗೆ ಅನುಮಾನ ಜಾಸ್ತಿ.

ಯುರೋಪಿನ ಲಿವರ್ ತಜ್ಞರ ಸಂಘ 2022ರಲ್ಲಿ ಒಂದು ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರಕಾರ ದಪ್ಪ ಪಾರ್ಟಿಷನ್ ಮತ್ತು ಗಂಟು, ಇವೆರಡು ದೊಡ್ಡ ಲಕ್ಷಣ. ಸಿಸ್ಟಿನ ಹಿಂದಿನ ಪಿತ್ತನಾಳ ಊದಿರುವುದು, ತೆಳು ಪಾರ್ಟಿಷನ್, ಒಳಗೆ ರಕ್ತಸ್ರಾವ, ಸುತ್ತಲಿನ ಲಿವರ್‌ನ ರಕ್ತ ಸಂಚಾರದಲ್ಲಿ ಏರುಪೇರು, ಲಿವರ್‌ನಲ್ಲಿ ಬೇರೆ ಸಿಸ್ಟ್‌ಗಳು ಮೂರಕ್ಕಿಂತ ಕಡಿಮೆ ಇರುವುದು, ಇವು ಸಣ್ಣ ಲಕ್ಷಣಗಳು. ಒಂದು ದೊಡ್ಡದು, ಅದರ ಜೊತೆ ಕನಿಷ್ಠ ಒಂದು ಸಣ್ಣದು ಇದ್ದರೆ ಈ ಗೆಡ್ಡೆ ಎಂದು ಗಟ್ಟಿಯಾಗಿ ಅನುಮಾನಿಸಬೇಕು. ನಿಮ್ಮ ರಿಪೋರ್ಟಿನಲ್ಲಿ ಸೆಪ್ಟೇಷನ್ ಎಂದಷ್ಟೇ ಇದೆ. ತೆಳುವೋ ದಪ್ಪವೋ ಬರೆದಿಲ್ಲ. ಅಲ್ಲಿಗೇ ಎಲ್ಲ ನಿಂತಿದೆ.

ಇನ್ನೊಂದು ಮೋಸ ಇದೆ. ಸಿಂಪಲ್ ಸಿಸ್ಟ್ ಒಳಗೆ ಕೆಲವೊಮ್ಮೆ ರಕ್ತ ಸೋರಿ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ಎಳೆಗಳು ಸ್ಕ್ಯಾನಿಂಗ್‌ನಲ್ಲಿ ಥೇಟ್ ಪಾರ್ಟಿಷನ್ ಹಾಗೇ, ಮುದ್ದೆ ಆಗಿದ್ದರೆ ಗಂಟಿನ ಹಾಗೇ ಕಾಣುತ್ತವೆ. ಇಂಥವರು ಬಂದಾಗ ನಾನು ಅಂಗಾತ ಮಲಗಿಸಿ ನೋಡಿ ಅಷ್ಟಕ್ಕೇ ಬಿಡುವುದಿಲ್ಲ. ಎಡಮಗ್ಗುಲಿಗೆ ತಿರುಗಿಸುತ್ತೇನೆ, ಉಸಿರು ಎಳೆದು ಹಿಡಿಯಲು ಹೇಳುತ್ತೇನೆ, ಒಂದು ನಿಮಿಷ ಸುಮ್ನೆ ಕಾಯುತ್ತೇನೆ. ಸಡಿಲ ಹೆಪ್ಪಾದರೆ ನಿಧಾನಕ್ಕೆ ಕೆಳಗೆ ಜಾರುತ್ತದೆ. ಗೋಡೆಗೆ ಬೇರು ಬಿಟ್ಟ ಗಂಟು ಅಲುಗುವುದಿಲ್ಲ. ಆಮೇಲೆ ಕಲರ್ ಡಾಪ್ಲರ್ ಹಾಕಿ ಆ ಪಾರ್ಟಿಷನ್‌ನಲ್ಲಿ ರಕ್ತನಾಳ ಮಿಂಚುತ್ತದಾ ಎಂದು ನೋಡುತ್ತೇನೆ. ಹೆಪ್ಪಿಗೆ ರಕ್ತನಾಳ ಇರುವುದಿಲ್ಲ. ಜನ ಹೊರಗೆ ಸಾಲುಗಟ್ಟಿ ಕೂತಿರುವ ಸೆಂಟರ್‌ನಲ್ಲಿ ಇಷ್ಟು ಪುರಸೊತ್ತು ಸಿಗುವುದಿಲ್ಲ, ಅದು ನಿಜ. ಇತ್ತೀಚೆಗೆ ನಿಮಗೆ ಒಂದು ದಿನ ಇದ್ದಕ್ಕಿದ್ದಂತೆ ಜೋರು ನೋವು ಬಂದು ಎರಡು ಮೂರು ದಿನದಲ್ಲಿ ಇಳಿದಿತ್ತಾ? ನೆನಪು ಮಾಡಿಕೊಂಡು ಡಾಕ್ಟರಿಗೆ ಹೇಳಿ. ಅದು ಒಳಗೆ ರಕ್ತ ಸೋರಿದ್ದರ ಗುರುತಾಗಿರಬಹುದು.

ಇನ್ನು 88ರ ಬಗ್ಗೆ. ಸಿಎ 19-9 ಎಂಬುದು ಕೆಲವು ಕ್ಯಾನ್ಸರ್‌ಗಳಲ್ಲಿ ರಕ್ತದಲ್ಲಿ ಏರುವ ಒಂದು ವಸ್ತು, ಸಾಮಾನ್ಯವಾಗಿ 37ರ ಒಳಗಿರಬೇಕು ಅನ್ನುತ್ತಾರೆ. ಆದರೆ ಸಿಂಪಲ್ ಸಿಸ್ಟ್ ಇದ್ದವರಲ್ಲೂ ಇದು ಏರುತ್ತದೆ. ಪಿತ್ತನಾಳದಲ್ಲಿ ಕಲ್ಲು ಅಡ್ಡ ನಿಂತರೂ, ಸೋಂಕಾದರೂ ಏರುತ್ತದೆ. ಕೆಲವರ ಮೈಯಲ್ಲಿ ಹುಟ್ಟಿನಿಂದಲೇ ಈ ವಸ್ತು ತಯಾರಾಗುವುದಿಲ್ಲ, ಅವರಿಗೆ ಕ್ಯಾನ್ಸರ್ ಇದ್ದರೂ ಏರುವುದಿಲ್ಲ. ಸಿಂಪಲ್ ಸಿಸ್ಟೋ ಗೆಡ್ಡೆಯೋ ಎಂದು ಬೇರೆ ಮಾಡಲು ಈ ಪರೀಕ್ಷೆ ಕೆಲಸಕ್ಕೆ ಬರುವುದಿಲ್ಲ. ಅದಕ್ಕಾಗಿ ನಿದ್ದೆಗೆಡಬೇಡಿ, ತಿಂಗಳು ತಿಂಗಳು ಮಾಡಿಸಿ ದುಡ್ಡನ್ನೂ ಕಳೆಯಬೇಡಿ.

ಸೂಜಿ ಯಾಕೆ ಬೇಡ? ನೀರಿನಲ್ಲಿ ಗೆಡ್ಡೆಯ ಜೀವಕೋಶಗಳು ಸಿಗದೇ ಹೋಗುವುದೇ ಜಾಸ್ತಿ. ಸಿಗಲಿಲ್ಲ ಅಂದ ಮಾತ್ರಕ್ಕೆ ಗೆಡ್ಡೆ ಇಲ್ಲ ಅನ್ನುವಂತಿಲ್ಲ. ಅಂದರೆ ಟೆಸ್ಟ್ ಮಾಡಿಸಿದರೂ ಅನುಮಾನ ಹಾಗೇ ಉಳಿಯುತ್ತದೆ. ಒಂದು ವೇಳೆ ಅದು ಗೆಡ್ಡೆಯೇ ಆಗಿದ್ದರೆ ಒಳಗಿನದು ಹೊಟ್ಟೆಯೊಳಗೆ ಸೋರುವ ಅಪಾಯ ಬೇರೆ. ನೀರು ತೆಗೆದ ಮೇಲೆ ಸಿಸ್ಟ್ ಕುಗ್ಗಿ ಮಡಚಿಕೊಳ್ಳುತ್ತದೆ, ಆಗ ಎಂ.ಆರ್.ಐ. ಮಾಡಿದರೆ ಗೋಡೆಯ ವಿವರ ಸರಿಯಾಗಿ ಓದಲೂ ಆಗುವುದಿಲ್ಲ. ನನ್ನಂಥವರಿಗೆ ಸಿಟ್ಟು ಬರುವುದೇ ಇಲ್ಲಿ.

ಈಗ ಮಾಡಬೇಕಾದ್ದು ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲು ನರಕ್ಕೆ ಕೊಡುವ ಔಷಧಿ) ಕೊಟ್ಟು ಲಿವರ್ ಎಂ.ಆರ್.ಐ., ಜೊತೆಗೆ ಪಿತ್ತನಾಳದ ಚಿತ್ರವಾದ ಎಂ.ಆರ್.ಸಿ.ಪಿ. ಎರಡನ್ನೂ ಒಂದೇ ಸಲಕ್ಕೆ ಮುಗಿಸಬಹುದು. ಸಿ.ಟಿ. ಸಾಕಲ್ವಾ ಎಂದು ಕೇಳುತ್ತಾರೆ. ತೆಳು ಪಾರ್ಟಿಷನ್ ಸಿ.ಟಿ.ಯಲ್ಲಿ ತಪ್ಪಿಹೋಗುತ್ತದೆ, ಎಂ.ಆರ್.ಐ.ನಲ್ಲಿ ಚೆನ್ನಾಗಿ ಕಾಣುತ್ತದೆ. ಕಾಂಟ್ರಾಸ್ಟ್ ಹೋದ ಮೇಲೆ ಪಾರ್ಟಿಷನ್, ಗಂಟು ಬೆಳಗುತ್ತವೆಯೇ ಎಂಬುದೂ ಗೊತ್ತಾಗುತ್ತದೆ. ಸಿಸ್ಟಿಗೂ ಪಿತ್ತನಾಳಕ್ಕೂ ಸಂಪರ್ಕ ಇದೆಯಾ ಎಂಬುದನ್ನು ಎಂ.ಆರ್.ಸಿ.ಪಿ. ತೋರಿಸುತ್ತದೆ. ನಾವು ಅನುಮಾನಿಸುತ್ತಿರುವ ಗೆಡ್ಡೆಗೆ ಸಾಮಾನ್ಯವಾಗಿ ಸಂಪರ್ಕ ಇರುವುದಿಲ್ಲ. ಪಿತ್ತನಾಳದ ಒಳಗೇ ಬೆಳೆಯುವ ಇನ್ನೊಂದು ಗೆಡ್ಡೆ ಇದೆ, ಅದಕ್ಕೆ ಇರುತ್ತದೆ, ಅದು ಗಂಡಸರಿಗೂ ಬರುತ್ತದೆ, ಅದರ ದಾರಿಯೇ ಬೇರೆ.

ಹೋಗುವ ಮುಂಚೆ ಕ್ರಿಯಾಟಿನಿನ್ ಮಾಡಿಸಿ, ಕಿಡ್ನಿ ಸರಿ ಇದ್ದರೆ ಕಾಂಟ್ರಾಸ್ಟ್‌ಗೆ ತೊಂದರೆ ಇಲ್ಲ. ಕೆಲವು ಗಂಟೆ ಏನೂ ತಿನ್ನಬೇಡಿ ಅನ್ನುತ್ತಾರೆ. ಕೆಲವು ಸೆಂಟರ್‌ಗಳಲ್ಲಿ ಒಂದು ಲೋಟ ಅನಾನಸ್ ಜ್ಯೂಸ್ ಕುಡಿಸುತ್ತಾರೆ, ತಮಾಷೆ ಅಲ್ಲ. ಅದರಲ್ಲಿರುವ ಮ್ಯಾಂಗನೀಸ್‌ನಿಂದ ಹೊಟ್ಟೆ, ಕರುಳಿನ ನೀರು ಚಿತ್ರದಲ್ಲಿ ಕಪ್ಪಾಗುತ್ತದೆ, ಪಿತ್ತನಾಳ ಸ್ಪಷ್ಟವಾಗಿ ಕಾಣುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿಬಿಡಿ. ತಾಳಿ, ಮೂಗುತಿ, ಕಾಲುಂಗುರ ಎಲ್ಲ ತೆಗೆಯಬೇಕಾಗುತ್ತದೆ. ತಾಳಿ ತೆಗೆಯಲು ಮನಸ್ಸು ಒಪ್ಪದವರು ಅರಿಶಿನದ ಕೊಂಬನ್ನು ದಾರಕ್ಕೆ ಕಟ್ಟಿಕೊಂಡು ಬರುತ್ತಾರೆ, ನಮ್ಮ ಅಭ್ಯಂತರ ಏನೂ ಇಲ್ಲ. ಮೈಯಲ್ಲಿ ಪೇಸ್‌ಮೇಕರ್, ಕ್ಲಿಪ್ ಏನಾದರೂ ಇದ್ದರೆ ಮುಚ್ಚಿಡಬೇಡಿ. ಮೆಷಿನ್ ಒಳಗೆ ಗಲಾಟೆ ಜಾಸ್ತಿ. 'ಉಸಿರು ಹಿಡಿಯಿರಿ' ಎಂದಾಗ ಹದಿನೈದಿಪ್ಪತ್ತು ಸೆಕೆಂಡ್ ಹಿಡಿಯಬೇಕು. ಮನೆಯಲ್ಲಿ ಹಿಂದಿನ ದಿನವೇ ಅಭ್ಯಾಸ ಮಾಡಿ. ಉಸಿರು ಅಲುಗಿದರೆ ಚಿತ್ರ ಮಸುಕಾಗುತ್ತದೆ, ಆ ತೆಳು ಪಾರ್ಟಿಷನ್ ಮತ್ತೆ ಕೈತಪ್ಪುತ್ತದೆ.

2018ರ ಸ್ಕ್ಯಾನಿನ ರಿಪೋರ್ಟ್ ಮಾತ್ರ ಅಲ್ಲ, ಫಿಲಂ ಅಥವಾ ಸಿ.ಡಿ. ಬೀರುವಿನಲ್ಲಿದ್ದರೆ ಹುಡುಕಿ ತೆಗೆದುಕೊಂಡು ಹೋಗಿ. ಅಂದು ನಿಜಕ್ಕೂ ಬರೀ ನೀರಿತ್ತಾ, ಒಂದು ಸಣ್ಣ ಗೆರೆ ಆಗಲೇ ಇತ್ತಾ ಎಂಬುದು ಚಿತ್ರದಲ್ಲಿ ಗೊತ್ತಾಗುತ್ತದೆ. 'ಸಿಂಪಲ್ ಸಿಸ್ಟ್' ಎಂಬ ಎರಡು ಪದದಲ್ಲಿ ಗೊತ್ತಾಗುವುದಿಲ್ಲ.

ಎಂ.ಆರ್.ಐ.ನಲ್ಲೂ ಗಟ್ಟಿ ಅನುಮಾನ ಬಂದರೆ ಆಪರೇಷನ್. ಲಿವರ್ ಆಪರೇಷನ್‌ನಲ್ಲೇ ಪಳಗಿದ ಸರ್ಜನ್ ಹತ್ತಿರ ಹೋಗಿ, ಸಿಸ್ಟನ್ನು ಗೋಡೆ ಸಮೇತ ಪೂರ್ತಿ ತೆಗೆಸಬೇಕು. ಲಿವರ್‌ನ ಸ್ವಲ್ಪ ಭಾಗ ಹೋದರೆ ಉಳಿದದ್ದು ಬೆಳೆದು ತುಂಬಿಕೊಳ್ಳುತ್ತದೆ. ಎಂ.ಆರ್.ಐ.ನಲ್ಲಿ ಇದು ರಕ್ತ ಸೋರಿದ ಸಿಂಪಲ್ ಸಿಸ್ಟ್ ಎಂದು ಕಂಡರೆ ಕೆಲವು ತಿಂಗಳ ಮೇಲೆ ಇನ್ನೊಮ್ಮೆ ನೋಡಿದರೆ ಆಯಿತು, ಹೆಪ್ಪು ಕರಗಿರುತ್ತದೆ. ಅತ್ತಲೂ ಅಲ್ಲ ಇತ್ತಲೂ ಅಲ್ಲ ಎನ್ನುವಂತಿದ್ದರೆ ಆರು ತಿಂಗಳಿಗೆ ಮತ್ತೊಂದು ಎಂ.ಆರ್.ಐ., ಆದಷ್ಟೂ ಅದೇ ಸೆಂಟರ್‌ನಲ್ಲಿ. ಖರ್ಚಿನ ಚಿಂತೆ ಇದ್ದರೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿ ಸರ್ಕಾರದ್ದೇ ಗ್ಯಾಸ್ಟ್ರೋಎಂಟರಾಲಜಿ ಮತ್ತು ಅಂಗಾಂಗ ಕಸಿ ಸಂಸ್ಥೆ ಇದೆ. ಅಲ್ಲಿ ತೋರಿಸಿ. ಗರ್ಭನಿರೋಧಕ ಮಾತ್ರೆಯೋ ಮುಟ್ಟಿನ ತೊಂದರೆಗೆ ಹಾರ್ಮೋನ್ ಮಾತ್ರೆಯೋ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಈ ಗೆಡ್ಡೆಗೂ ಹಾರ್ಮೋನ್‌ಗೂ ನಂಟಿದೆ.

ಪ್ರಶ್ನೆ: ನನಗೆ 68. ವರ್ಷಕ್ಕೊಮ್ಮೆ ಫುಲ್ ಬಾಡಿ ಚೆಕಪ್ ಮಾಡಿಸುತ್ತೇನೆ. ಲಿವರ್‌ನಲ್ಲಿ ನಾಲ್ಕು ಸಿಂಪಲ್ ಸಿಸ್ಟ್ ಇವೆಯಂತೆ, ದೊಡ್ಡದು 3 ಸೆಂ.ಮೀ. ಡಾಕ್ಟರು ಬಿಟ್ಟುಬಿಡಿ ಅನ್ನುತ್ತಾರೆ. ಬಿಡಬಹುದೇ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ಬಿಡಬಹುದು. ವಯಸ್ಸಾದಂತೆ ಇವು ಕಾಣಿಸಿಕೊಳ್ಳುವುದು ಸಾಮಾನ್ಯ. ತೊಂದರೆ ಕೊಡದ ಸಿಂಪಲ್ ಸಿಸ್ಟನ್ನು ಮತ್ತೆ ಮತ್ತೆ ಸ್ಕ್ಯಾನ್ ಮಾಡುವ ಅಗತ್ಯವೇ ಇಲ್ಲ ಎಂದು ಆ 2022ರ ಮಾರ್ಗಸೂಚಿಯೂ ಹೇಳುತ್ತದೆ. ನೋವು, ಹೊಟ್ಟೆಭಾರ ಶುರುವಾದರೆ ಆಗ ನೋಡೋಣ. ಲಿವರ್ ತುಂಬ ಹತ್ತಾರು ಸಿಸ್ಟ್ ಇದ್ದು ಕಿಡ್ನಿಯಲ್ಲೂ ಇದ್ದರೆ ಅದು ಬೇರೆ ಕಥೆ, ವಂಶದಲ್ಲಿ ಬರುವಂಥದ್ದು. ನಿಮ್ಮದು ಹಾಗಲ್ಲ.

ಪ್ರಶ್ನೆ: ಡಾಕ್ಟರಮ್ಮ, ನಮ್ಮದು ಕುರಿ ಸಾಕುವ ಮನೆ. ಮನೆಯಲ್ಲಿ ಮೂರು ನಾಯಿ ಇವೆ. ನಮ್ಮಣ್ಣನಿಗೆ ಬಲ ಪಕ್ಕೆ ನೋವು ಬಂದು ಸ್ಕ್ಯಾನ್ ಮಾಡಿಸಿದರೆ ಲಿವರ್‌ನಲ್ಲಿ ಗುಳ್ಳೆ, ಒಳಗೆ ಸಣ್ಣ ಸಣ್ಣ ಗುಳ್ಳೆ ಅಂದರು. ಗೆಡ್ಡೆಯೋ, ಹುಳದ್ದೋ ಗೊತ್ತಿಲ್ಲ ಅನ್ನುತ್ತಾರೆ.
(ಚಳ್ಳಕೆರೆ ತಾಲ್ಲೂಕು)

ಉತ್ತರ: ಕುರಿ, ನಾಯಿ ವಿಷಯ ನೀವೇ ಬರೆದದ್ದು ಒಳ್ಳೆಯದಾಯಿತು. ಸ್ಕ್ಯಾನ್ ಮಾಡುವವರಿಗೂ ಇದನ್ನು ಹೇಳಿದ್ದೀರಾ? ಹೇಳದಿದ್ದರೆ ಹೇಳಿ. ದೊಡ್ಡ ಗುಳ್ಳೆಯೊಳಗೆ ಮರಿ ಗುಳ್ಳೆಗಳು ಎಂದರೆ ನನ್ನ ಮನಸ್ಸು ಮೊದಲು ಹೋಗುವುದು ಹೈಡಾಟಿಡ್ ಸಿಸ್ಟ್ ಕಡೆಗೆ. ಇದು ನಾಯಿಯ ಕರುಳಿನಲ್ಲಿರುವ ಒಂದು ಸಣ್ಣ ಲಾಡಿಹುಳದಿಂದ ಬರುತ್ತದೆ. ಹುಳದ ಮೊಟ್ಟೆ ನಾಯಿಯ ಹೇಲಿನಲ್ಲಿ ಹೊರಬಿದ್ದು ಹುಲ್ಲಿಗೆ, ನೀರಿಗೆ, ಸೊಪ್ಪಿಗೆ, ನಾಯಿಯ ಮೈಕೂದಲಿಗೆ ಅಂಟುತ್ತದೆ. ಅಲ್ಲಿಂದ ಕುರಿಗೂ ಮನುಷ್ಯರಿಗೂ ಬಾಯಿ ಮೂಲಕ ಹೋಗುತ್ತದೆ. ಮಟನ್ ತಿಂದರೆ ಬರುವುದಿಲ್ಲ. ಕುರಿ ಕೊಯ್ದಾಗ ಗುಳ್ಳೆ ಇರುವ ಲಿವರ್, ಶ್ವಾಸಕೋಶವನ್ನು ನಾಯಿಗೆ ಎಸೆಯುತ್ತಾರಲ್ಲ, ಈ ಸುತ್ತು ಮುಂದುವರಿಯುವುದು ಅಲ್ಲಿಂದ.

ಪಾರ್ಟಿಷನ್ ಇರುವ ಹೈಡಾಟಿಡ್ ಸಿಸ್ಟ್ ಪಿತ್ತನಾಳದ ಗೆಡ್ಡೆಯನ್ನು ಹೋಲುತ್ತದೆ. ಹಾಗಾಗಿ ರಕ್ತದಲ್ಲಿ ಹೈಡಾಟಿಡ್ ಐ.ಜಿ.ಜಿ. (ಆ ಹುಳದ ವಿರುದ್ಧ ಮೈ ತಯಾರಿಸುವ ಪ್ರತಿಕಾಯ) ಪರೀಕ್ಷೆ ಮಾಡಿಸಬೇಕು. ಅದು ನೆಗೆಟಿವ್ ಬಂದರೂ ಹೈಡಾಟಿಡ್ ಅಲ್ಲವೇ ಅಲ್ಲ ಎನ್ನಲು ಬರುವುದಿಲ್ಲ, ಚಿತ್ರದ ಜೊತೆ ಇಟ್ಟು ಓದಬೇಕು. ಇದಕ್ಕೂ ಗೊತ್ತುಗುರಿ ಇಲ್ಲದೆ ಸೂಜಿ ಹಾಕಿಸಬೇಡಿ. ಒಳಗಿನ ನೀರು ಸೋರಿದರೆ ಒಮ್ಮೆಗೇ ಬಿ.ಪಿ. ಕುಸಿಯುವಂಥ ಅಲರ್ಜಿ ಆಗಬಹುದು, ಹೊಟ್ಟೆ ತುಂಬ ಹೊಸ ಗುಳ್ಳೆಗಳು ಹುಟ್ಟಬಹುದು. ಕೆಲವು ಹಂತದ ಹೈಡಾಟಿಡ್‌ಗೆ ಸೂಜಿ ಹಾಕಿ ಔಷಧಿ ಬಿಡುವ ಚಿಕಿತ್ಸೆಯೇ ಇದೆ. ಅದನ್ನು ಆಲ್ಬೆಂಡಜೋಲ್ ಎಂಬ ಹುಳದ ಮಾತ್ರೆ ಶುರುಮಾಡಿ, ಎಲ್ಲ ತಯಾರಿ ಇರುವ ಆಸ್ಪತ್ರೆಯಲ್ಲಿ ಮಾಡುತ್ತಾರೆ. ಆ ಮಾತ್ರೆಯನ್ನು ಅಂಗಡಿಯಿಂದ ತಂದು ನೀವೇ ನುಂಗಿಸಬೇಡಿ. ವಾರಗಟ್ಟಲೆ ತೆಗೆದುಕೊಳ್ಳುವಾಗ ಲಿವರ್ ಟೆಸ್ಟ್, ರಕ್ತಕಣಗಳ ಲೆಕ್ಕ ನೋಡುತ್ತಾ ಇರಬೇಕು. ಮೂರೂ ನಾಯಿಗಳಿಗೆ ಪಶುವೈದ್ಯರ ಹತ್ತಿರ ಜಂತುಹುಳದ ಔಷಧಿ ಕೊಡಿಸಿ. ಮನೆಯವರೆಲ್ಲ ಒಂದು ಸಲ ಸ್ಕ್ಯಾನ್ ಮಾಡಿಸಿಕೊಂಡರೂ ತಪ್ಪಲ್ಲ.

ಪ್ರಶ್ನೆ: ನಾನು ಐರ್ಲೆಂಡ್‌ನಲ್ಲಿದ್ದೇನೆ. ಅಮ್ಮ ಶಿವಮೊಗ್ಗದಲ್ಲಿದ್ದಾರೆ, ವಯಸ್ಸು 58, ಶುಗರ್ ಇದೆ. 2022ರಲ್ಲಿ ಲಿವರ್ ಸಿಸ್ಟ್‌ಗೆ ಲ್ಯಾಪರೋಸ್ಕೋಪಿಯಲ್ಲಿ 'ಡಿರೂಫಿಂಗ್' ಮಾಡಿದರು. ಬಯಾಪ್ಸಿಯಲ್ಲಿ 'ಮ್ಯೂಸಿನಸ್ ಸಿಸ್ಟಿಕ್ ನಿಯೋಪ್ಲಾಸಂ, ಲೋ ಗ್ರೇಡ್' ಎಂದು ಬಂತು. ಆಪರೇಷನ್ ಆಗಿದೆಯಲ್ಲ ಅಂತ ಸುಮ್ಮನಿದ್ದೆವು. ಈಗ ಅದೇ ಜಾಗದಲ್ಲಿ 5 ಸೆಂ.ಮೀ. ಇದೆ. ಅಮ್ಮ ಇನ್ನೊಂದು ಆಪರೇಷನ್ ಬೇಡವೇ ಬೇಡ ಅನ್ನುತ್ತಿದ್ದಾರೆ. ಎಷ್ಟು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸುತ್ತಾ ಇರಬೇಕು? ಫಿಲಂ ಫೋಟೋ ಕಳಿಸಿದ್ದೇನೆ.

ಉತ್ತರ: ಫೋಟೋ ನೋಡಿದೆ ಮಗಳೇ. ಕಿಟಕಿಗೆ ಹಿಡಿದು ಮೊಬೈಲ್‌ನಲ್ಲಿ ತೆಗೆದದ್ದು. ಹಿಂದಿನ ತೆಂಗಿನಮರ ಸಿಸ್ಟ್‌ಗಿಂತ ಚೆನ್ನಾಗಿ ಕಾಣುತ್ತಿದೆ. ಸೆಂಟರ್‌ನವರಿಂದ ಸಿ.ಡಿ. ಕೇಳಿ ಪಡೆಯಿರಿ, ಅದರಲ್ಲಿ ಮೂಲ ಚಿತ್ರಗಳೇ ಇರುತ್ತವೆ. ಲಿಂಕ್ ಕೊಡುವ ಕಡೆ ಲಿಂಕ್ ತೆಗೆದುಕೊಳ್ಳಿ, ನಿಮಗೂ ಅಲ್ಲಿಂದಲೇ ನೋಡಲು ಆಗುತ್ತದೆ.

ಡಿರೂಫಿಂಗ್ ಎಂದರೆ ಸಿಸ್ಟಿನ ಮೇಲ್ಭಾಗದ ಗೋಡೆ ಕತ್ತರಿಸಿ ತೆರೆದುಬಿಡುವುದು. ತೊಂದರೆ ಕೊಡುವ ಸಿಂಪಲ್ ಸಿಸ್ಟ್‌ಗೆ ಅದು ಸರಿಯಾದ ಆಪರೇಷನ್. ಈ ಗೆಡ್ಡೆಗೆ ಸಾಲದು. ಲಿವರ್ ಕಡೆಯ ಗೋಡೆ ಹಾಗೇ ಉಳಿದಿರುತ್ತದೆ, ಅದರ ಒಳಪದರ ಮತ್ತೆ ದ್ರವ ತುಂಬುತ್ತದೆ. ಹಾಗಾಗಿ ತಿರುಗಿ ಬಂದಿದ್ದು ಆಶ್ಚರ್ಯವಲ್ಲ. ಬಯಾಪ್ಸಿ ರಿಪೋರ್ಟ್ ಬಂದ ದಿನವೇ 'ಉಳಿದದ್ದನ್ನೂ ತೆಗೆಯಬೇಕಾಗಬಹುದು' ಎಂಬ ಮಾತು ನಡೆಯಬೇಕಿತ್ತು. ಹೋಗಲಿ, ಈಗ ನಡೆಯಲಿ. ಲೋ ಗ್ರೇಡ್, ಅಂದರೆ ಜೀವಕೋಶಗಳು ಅಷ್ಟೇನೂ ಕೆಟ್ಟಿಲ್ಲ ಎಂಬುದು ಸಮಾಧಾನದ ವಿಷಯವೇ. ಆದರೆ ಅವರು ನೋಡಿದ್ದು ಕತ್ತರಿಸಿ ತೆಗೆದ ತುಂಡನ್ನು ಮಾತ್ರ. ಒಳಗೆ ಉಳಿದ ಗೋಡೆಯನ್ನು ಯಾರೂ ನೋಡಿಲ್ಲ.

ಬರೀ ಸ್ಕ್ಯಾನ್ ಮಾಡಿಸುತ್ತಾ ಕೂರುವುದು ನನಗೆ ಒಪ್ಪಿಗೆಯಿಲ್ಲ. 58 ವಯಸ್ಸು, ಶುಗರ್ ಹಿಡಿತದಲ್ಲಿದ್ದರೆ ಆಪರೇಷನ್ ತಡೆದುಕೊಳ್ಳುವ ವಯಸ್ಸೇ. ಮೊದಲು ಕಾಂಟ್ರಾಸ್ಟ್ ಎಂ.ಆರ್.ಐ. ಆಗಲಿ. 2022ರ ಬಯಾಪ್ಸಿಯ ಬ್ಲಾಕ್ ಮತ್ತು ಸ್ಲೈಡ್ ಆ ಲ್ಯಾಬಿನಿಂದ ತರಿಸಿ ಇನ್ನೊಬ್ಬ ಪೆಥಾಲಜಿಸ್ಟ್‌ಗೆ ತೋರಿಸಿ. ಅಂಡಾಶಯದಂಥ ಪದರ ಇದೆಯಾ, ಎಲ್ಲಾದರೂ ಹೈ ಗ್ರೇಡ್ ಇದೆಯಾ, ಗೋಡೆ ದಾಟಿ ಒಳನುಗ್ಗಿದೆಯಾ ಎಂದು ಕೇಳಿ. ಇವನ್ನೆಲ್ಲ ಹಿಡಿದುಕೊಂಡು ಲಿವರ್ ಸರ್ಜನ್ ಎದುರು ಅಮ್ಮನನ್ನೇ ಕೂರಿಸಿ. ವಿಡಿಯೋ ಕಾಲ್‌ನಲ್ಲಿ ನೀವು ಒತ್ತಾಯ ಮಾಡುವುದಕ್ಕಿಂತ ಅದು ವಾಸಿ. ಅವರ ಭಯ ಕತ್ತಿಯದೋ, ಖರ್ಚಿನದೋ, ಆಸ್ಪತ್ರೆಯಲ್ಲಿ ಜೊತೆಗೆ ಯಾರಿರುತ್ತಾರೆ ಎಂಬುದೋ? ಕೇಳಿ ನೋಡಿ. ಎಷ್ಟೋ ಸಲ ಮೂರನೆಯದೇ ಆಗಿರುತ್ತದೆ.

ಪೂರ್ತಿ ತೆಗೆದ ಮೇಲೆ, ಅಂಚು ಶುದ್ಧವಾಗಿದ್ದು ಕ್ಯಾನ್ಸರ್ ಇಲ್ಲದಿದ್ದರೆ ಮರಳಿ ಬರುವುದು ವಿರಳ. ಗಾಯ ಮಾಗಿದ ಮೇಲೆ, ಮೂರು ತಿಂಗಳ ಸುಮಾರಿಗೆ, ಒಂದು ಎಂ.ಆರ್.ಐ. ಮಾಡಿಸಿ ಇಟ್ಟುಕೊಳ್ಳುವುದು ಜಾಣತನ. ತೀರಾ ಬೇಗ ಮಾಡಿಸಿದರೆ ಕತ್ತರಿಸಿದ ಜಾಗದಲ್ಲಿ ನಿಂತ ನೀರೇ ಹೊಸ ಸಿಸ್ಟ್ ಅನ್ನಿಸಿಬಿಡುತ್ತದೆ. ಮುಂದಿನವನ್ನೆಲ್ಲ ಆ ಚಿತ್ರದ ಪಕ್ಕ ಇಟ್ಟು ಹೋಲಿಸುತ್ತಾರೆ. ಆಮೇಲೆ ಕೆಲವು ವರ್ಷ ವರ್ಷಕ್ಕೊಂದು ಸ್ಕ್ಯಾನ್ ಎನ್ನುವುದು ಹೆಚ್ಚಿನ ಸರ್ಜನ್‌ಗಳ ರೂಢಿ. ಅಮ್ಮ ಏನು ಮಾಡಿದರೂ ಒಪ್ಪದಿದ್ದರೆ ಆರು ತಿಂಗಳಿಗೊಮ್ಮೆ ಎಂ.ಆರ್.ಐ. ತಪ್ಪಿಸಬೇಡಿ. ಗೋಡೆ ದಪ್ಪವಾದರೆ, ಹೊಸ ಗಂಟು ಕಂಡರೆ, ಪಿತ್ತನಾಳ ಊದಿದರೆ ಕಾಯುವ ಕಾಲ ಮುಗಿಯಿತು ಎಂದು ಅವರಿಗೆ ಈಗಲೇ ಹೇಳಿ ಒಪ್ಪಿಸಿಟ್ಟುಕೊಳ್ಳಿ.

ಪ್ರಶ್ನೆ: ಲಿವರ್ ಸಿಸ್ಟ್ ನೆಲನೆಲ್ಲಿ ಕಷಾಯದಿಂದ ಕರಗುತ್ತದೆಯೇ? ನಮ್ಮೂರಲ್ಲಿ ಕಾಮಾಲೆಗೆ ಕೊಡುತ್ತಾರೆ.
(ಸಾಗರ)

ಉತ್ತರ: ಕರಗುವುದಿಲ್ಲ. ಸಿಂಪಲ್ ಸಿಸ್ಟನ್ನಾಗಲಿ ಈ ಗೆಡ್ಡೆಯನ್ನಾಗಲಿ ಕರಗಿಸುವ ಕಷಾಯವೂ ಇಲ್ಲ, ಮಾತ್ರೆಯೂ ಇಲ್ಲ. ಮೇಲೆ ಹೇಳಿದ ಹೈಡಾಟಿಡ್ ವಿಷಯ ಬೇರೆ. ಸಿಸ್ಟ್ ಇರುವವರಿಗೆ ಕಣ್ಣು ಹಳದಿಯಾದರೆ ಅದನ್ನು ಊರಿನ ಮಾಮೂಲಿ ಕಾಮಾಲೆ ಅಂದುಕೊಳ್ಳಬೇಡಿ. ಸಿಸ್ಟ್ ಪಿತ್ತನಾಳವನ್ನು ಒತ್ತುತ್ತಿರಬಹುದು, ಒಳಗಿನದು ನಾಳಕ್ಕೆ ಇಳಿದು ಅಡ್ಡ ಕೂತಿರಬಹುದು. ಮೈಯೆಲ್ಲ ತುರಿಕೆ, ಬಿಳಿಚಿದ ಮಲ, ಗಾಢ ಹಳದಿ ಮೂತ್ರ ಇದ್ದರೆ ಬಿಲಿರುಬಿನ್, ಆಲ್ಕಲೈನ್ ಫಾಸ್ಫಟೇಸ್ ಟೆಸ್ಟ್ ಮತ್ತು ಸ್ಕ್ಯಾನಿಂಗ್ ಆ ವಾರವೇ ಆಗಬೇಕು. ಜೊತೆಗೆ ಚಳಿ ನಡುಕದ ಜ್ವರ ಬಂದರೆ ಪಿತ್ತನಾಳಕ್ಕೆ ಸೋಂಕು ಹತ್ತಿದೆ ಎಂದರ್ಥ, ಆ ರಾತ್ರಿಯೇ ಆಸ್ಪತ್ರೆಗೆ ಹೋಗಿ.